ಜುಲೈ ತಿಂಗಳ ಅಂಗಡಿಯಲ್ಲಿ ಹ್ಯಾಲೋವೀನ್ ಅಲಂಕಾರದ ಪಾಠ

ಮನೆಯ ಮುಂದೆ ಭೂತಪ್ರೇತಗಳ ಅಲಂಕಾರ ಮಾಡುವ, ಮಕ್ಕಳು ವೇಷ ತೊಟ್ಟು ಮನೆಮನೆಗೆ ಸಿಹಿತಿಂಡಿ ಕೇಳಿ ಹೋಗುವ ಹ್ಯಾಲೋವೀನ್ ಹಬ್ಬ ಅಮೆರಿಕದಲ್ಲಿ ಅಕ್ಟೋಬರ್ 31ಕ್ಕಾದರೂ ಅದರ ಸರಕು ಅಂಗಡಿಗಳಿಗೆ ಬಂದಿಳಿಯುವುದು ನೆತ್ತಿ ಸುಡುವ ಬೇಸಿಗೆಯಲ್ಲಿ. ಜುಲೈ 4ರ ಸ್ವಾತಂತ್ರ್ಯ ದಿನದ ಬಾವುಟಗಳು ರಿಯಾಯಿತಿ ಬುಟ್ಟಿಯಲ್ಲಿ ಇನ್ನೂ ಉಳಿದಿರುವಾಗಲೇ ಪಕ್ಕದ ಸಾಲಿನಲ್ಲಿ ಅಸ್ಥಿಪಂಜರಗಳೂ ಕಾಗೆಗಳೂ ಜೇಡರ ಬಲೆಗಳೂ ಕಾಣಿಸಿಕೊಳ್ಳುತ್ತವೆ. ಇಷ್ಟು ಬೇಗ ಏಕೆಂದು ಮುಖ ಸಿಂಡರಿಸುವವರಿದ್ದಾರೆ. ಯಾವ ಅಂಗಡಿಯಲ್ಲಿ ಮೊದಲ ಕುಂಬಳಕಾಯಿ ಕಂಡಿತೆಂದು ‘ಕೋಡ್ ಆರೆಂಜ್’ ಎಂಬ ಸಂಕೇತದೊಡನೆ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವ ಹವ್ಯಾಸಿಗಳೂ ಇದ್ದಾರೆ. ನಾನು ಎರಡನೆಯ ಗುಂಪಿಗೆ ಸೇರಿದವಳು. ಆದರೂ ಈ ಮೊದಲ ವಾರಗಳಲ್ಲಿ ಅಂಗಡಿಗೆ ಹೋಗುವಾಗ ಪರ್ಸನ್ನು ಕಾರಿನಲ್ಲೇ ಬಿಟ್ಟು ಹೋಗುವುದು ಒಳ್ಳೆಯದೆಂದು ಹೊಸಬರಿಗೆ ಹೇಳುತ್ತೇನೆ, ಏಕೆಂದರೆ ಆಗ ಅಲ್ಲಿ ಪುಕ್ಕಟೆಯಾಗಿ ಸಿಗುವುದು ಜೋಡಣೆಯ ಪಾಠ.

ದೊಡ್ಡ ಅಂಗಡಿಗಳಲ್ಲಿ ಸಾಮಾನುಗಳನ್ನು ಯಾರೂ ತೋಚಿದಂತೆ ಇಡುವುದಿಲ್ಲ. ಯಾವ ವಸ್ತು ಯಾವ ಎತ್ತರದಲ್ಲಿ, ಯಾವುದರ ಪಕ್ಕದಲ್ಲಿ ನಿಲ್ಲಬೇಕೆಂದು ತೋರಿಸುವ ‘ಪ್ಲಾನೋಗ್ರಾಮ್’ ಎಂಬ ನಕ್ಷೆ ಬಹುಪಾಲು ಮುಖ್ಯ ಕಚೇರಿಯಿಂದಲೇ ಬಂದಿರುತ್ತದೆ. ಬಣ್ಣ ಮತ್ತು ಎತ್ತರಗಳ ಲೆಕ್ಕ ಬಲ್ಲವರು ಮಾಡಿದ ಆ ಜೋಡಣೆ ಇಡಿಯಾಗಿ ಕಾಣುವುದು ಮೊದಲ ಕೆಲವು ವಾರಗಳಲ್ಲಿ ಮಾತ್ರ. ಅಕ್ಟೋಬರ್ ಬರುವಷ್ಟರಲ್ಲಿ ಅರ್ಧ ಮಾರಾಟವಾಗಿ, ಉಳಿದರ್ಧ ಮಕ್ಕಳ ಕೈಗೆ ಸಿಕ್ಕು ಕಲಸಿಹೋಗಿರುತ್ತದೆ. ವಾರದ ನಡುವಿನ ದಿನ, ಬೆಳಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋದರೆ ಸಾಲಿನಲ್ಲಿ ಸಾವಧಾನವಾಗಿ ನಿಂತು ನೋಡಬಹುದು.

ಎಲ್ಲ ಅಂಗಡಿಗಳೂ ಒಂದೇ ಪಾಠ ಹೇಳುವುದಿಲ್ಲ. ಮೈಕಲ್ಸ್‌ನಂಥ ಕರಕುಶಲ ಸಾಮಗ್ರಿಗಳ ಅಂಗಡಿ ಬಹಳ ಮುಂಚೆಯೇ ಸಜ್ಜಾಗುತ್ತದೆ; ಕೈಯಾರೆ ಮಾಡಿಕೊಳ್ಳುವವರಿಗೆ ತಿಂಗಳುಗಟ್ಟಲೆ ಸಮಯ ಬೇಕಷ್ಟೆ. ಬಣ್ಣಗಳ ಹೊಂದಾಣಿಕೆ ಕಲಿಯಲು ಅದೇ ತಕ್ಕ ಜಾಗ. ಕಡಿಮೆ ಬೆಲೆಗೆ ಮಾರುವ ಹೋಮ್‌ಗೂಡ್ಸ್ ಮತ್ತು ಟಿಜೆ ಮ್ಯಾಕ್ಸ್‌ಗಳಲ್ಲಿ ಸರಕು ಊರಿಂದೂರಿಗೆ, ವಾರದಿಂದ ವಾರಕ್ಕೆ ಬದಲಾಗುವುದರಿಂದ ಒಂದು ಸಲ ನೋಡಿ ಬಂದರೆ ಸಾಲದು. 2020ರಲ್ಲಿ 299 ಡಾಲರ್ ಬೆಲೆಯ 12 ಅಡಿ ಅಸ್ಥಿಪಂಜರವನ್ನು ಮಾರುಕಟ್ಟೆಗೆ ಬಿಟ್ಟು ಜನರನ್ನು ಮರುಳು ಮಾಡಿದ ಹೋಮ್ ಡಿಪೊ ಎಂಬ ಮನೆ ದುರಸ್ತಿ ಸಾಮಗ್ರಿಗಳ ಅಂಗಡಿಯಲ್ಲಿ ಅಳತೆಯ ಪಾಠವಿದೆ: ಮೂರೂವರೆ ಮೀಟರಿಗೂ ತುಸು ಹೆಚ್ಚು ಎತ್ತರದ ಗೊಂಬೆಯ ಕೆಳಗೆ ನಿಂತು ತಲೆಯೆತ್ತಿ ನೋಡಿದವರಿಗೆ, ಅದು ತಮ್ಮ ಮನೆಯ ಅಂಗಳಕ್ಕೆ ಒಪ್ಪುತ್ತದೆಯೋ ಇಲ್ಲವೋ ಎಂಬುದು ಚಿತ್ರ ನೋಡಿದವರಿಗಿಂತ ಬೇಗ ತಿಳಿಯುತ್ತದೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಸ್ಟ್ರೊ ವ್ಯಾಲಿಯಲ್ಲಿ ಆರಂಭವಾದ ಸ್ಪಿರಿಟ್ ಹ್ಯಾಲೋವೀನ್‌ನ ಹೆಚ್ಚಿನ ಮಳಿಗೆಗಳು ಆಗಸ್ಟ್‌ನಿಂದೀಚೆಗೆ, ಖಾಲಿ ಬಿದ್ದ ಕಟ್ಟಡಗಳಲ್ಲಿ ಎರಡು ಮೂರು ತಿಂಗಳ ಮಟ್ಟಿಗೆ ತೆರೆಯುತ್ತವೆ. ಅಲ್ಲಿ ಸ್ಮಶಾನದ್ದೋ ಹಾಳು ಬಂಗಲೆಯದ್ದೋ ಒಂದು ದೃಶ್ಯವನ್ನೇ ಕಟ್ಟಿ ನಿಲ್ಲಿಸಿರುತ್ತಾರೆ. ನನ್ನ ರುಚಿಗೆ ಅದು ಸ್ವಲ್ಪ ಅತಿಯೆನಿಸುತ್ತದೆ, ಆದರೆ ಒಂದು ಕತೆಯ ಸುತ್ತ ಹತ್ತು ವಸ್ತುಗಳನ್ನು ಹೇಗೆ ಸೇರಿಸಬಹುದೆಂಬುದನ್ನು ನಾನು ಕಲಿತದ್ದು ಅಲ್ಲಿಯೇ.

ಇನ್ನು ನೋಡುವ ಕ್ರಮ. ಸಾಲಿನೊಳಗೆ ನುಗ್ಗುವ ಮೊದಲು ಹತ್ತು ಹನ್ನೆರಡು ಅಡಿ ದೂರದಲ್ಲಿ ನಿಲ್ಲಬೇಕು. ಬೀದಿಯಲ್ಲಿ ಹೋಗುವವರಿಗೆ ನಿಮ್ಮ ಮನೆಯ ಮುಂಬಾಗಿಲು ಕಾಣುವುದೂ ದೂರದಿಂದಲೇ. ಅಲ್ಲಿಂದ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಜಾರಿತು ಎಂಬುದನ್ನು ಗಮನಿಸಿ, ಬಳಿಕ ಹತ್ತಿರ ಹೋಗಿ ಅದಕ್ಕೆ ಕಾರಣ ಹುಡುಕಬೇಕು. ಕಳೆದ ವರ್ಷ ನಾನು ಹೀಗೆ ನಿಂತು ನೋಡಿದ ಒಂದು ಮೇಜಿನ ಮೇಲೆ ಕಪ್ಪು, ಮಾಸಲು ಹಸಿರು, ಹಳೆಯ ಹಿತ್ತಾಳೆಯ ಬಣ್ಣ, ಈ ಮೂರು ಬಿಟ್ಟರೆ ನಾಲ್ಕನೆಯ ಬಣ್ಣವಿರಲಿಲ್ಲ. ಕಿತ್ತಳೆ ಬಣ್ಣದ ಕುಂಬಳಕಾಯಿ ಒಂದೂ ಇಲ್ಲದೆ ಅದು ಹ್ಯಾಲೋವೀನ್ ಎನಿಸುತ್ತಿತ್ತು. ಹಿಂಬದಿಯಲ್ಲಿ ಎತ್ತರದ ಮೂರು ಮೇಣದಬತ್ತಿ ಕಂಬಗಳು, ನಡುವೆ ಗಂಟೆಯಾಕಾರದ ಗಾಜಿನ ಮುಚ್ಚಳದಡಿ ಒಂದು ತಲೆಬುರುಡೆ, ಮುಂದೆ ಅಂಚಿನಿಂದ ಇಳಿಬಿದ್ದ ಹರಕು ಜಾಳಿಗೆ ಬಟ್ಟೆ, ಅದರ ಮೇಲೆ ಕಾಲಿಗೆ ತಂತಿ ಸುತ್ತಿ ನಿಲ್ಲಿಸಿದ ಒಂದೇ ಒಂದು ಕಾಗೆ. ಬಟ್ಟೆಯ ಅಂಚನ್ನು ಮೆಲ್ಲನೆ ಎತ್ತಿ ನೋಡಿದೆ: ಅಷ್ಟೆಲ್ಲ ಗಾಂಭೀರ್ಯವನ್ನು ಹೊತ್ತು ನಿಂತಿದ್ದದ್ದು ಬೋರಲು ಹಾಕಿದ ಎರಡು ಖಾಲಿ ರಟ್ಟಿನ ಡಬ್ಬಗಳು.

ಗೊಂಬೆ ಕೂರಿಸುವ ಮನೆಯಲ್ಲಿ ಬೆಳೆದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಡಬ್ಬ, ಟ್ರಂಕು, ಹಲಗೆಗಳನ್ನು ಒಂದರ ಮೇಲೊಂದಿಟ್ಟು ಬಿಳಿ ಪಂಚೆ ಹೊದಿಸಿ ಬೆಸಸಂಖ್ಯೆಯ ಮೆಟ್ಟಿಲು ಕಟ್ಟಿ, ಪಟ್ಟದ ಗೊಂಬೆಗಳನ್ನು ಮೇಲಕ್ಕೂ ಚಿಕ್ಕ ಪುಟ್ಟವನ್ನು ಕೆಳಕ್ಕೂ ಇಡುವ ನಮ್ಮ ದಸರಾ ಪದ್ಧತಿಯೇ ಇಲ್ಲಿ ಕಪ್ಪು ಬಟ್ಟೆ ಹೊದ್ದಿದೆ. ಆದ್ದರಿಂದ ಜೋಡಣೆ ನೋಡುವಾಗ ವಸ್ತುವಿಗಿಂತ ಹೆಚ್ಚಾಗಿ ಮೆಟ್ಟಿಲನ್ನು ನೋಡಿ: ಎಷ್ಟು ಹಂತಗಳಿವೆ, ಹಂತಹಂತದ ನಡುವೆ ಎಷ್ಟು ಅಂತರವಿದೆ, ಎಲ್ಲಿ ಬೇಕೆಂದೇ ಜಾಗ ಖಾಲಿ ಬಿಟ್ಟಿದ್ದಾರೆ.

ಫೋಟೊ ತೆಗೆಯುವುದಾದರೆ ಮೂರು ಸಾಕು: ಪೂರ್ತಿ ಜೋಡಣೆಯದು, ಹಿಡಿಸಿದ ಒಂದು ಗುಂಪಿನದು, ವಸ್ತುವಿನ ಮೇಲ್ಮೈ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರದಿಂದ ಒಂದು. ಐವತ್ತು ತೆಗೆದರೆ ಮನೆಗೆ ಬಂದು ಒಂದನ್ನೂ ತೆರೆದು ನೋಡುವುದಿಲ್ಲ. ಫೋಟೊದಲ್ಲಿ ಅಳತೆ ತಿಳಿಯುವುದಿಲ್ಲವಾದ್ದರಿಂದ ನಾನು ವಸ್ತುವಿನ ಪಕ್ಕದಲ್ಲಿ ಗೇಣು ಹಾಕಿ ಎತ್ತರ ಬರೆದುಕೊಳ್ಳುತ್ತೇನೆ. ಹೊರಡುವ ಮುನ್ನ ನಿಮ್ಮ ವರಾಂಡದ ಚಿತ್ರವೊಂದನ್ನು ಹಗಲಿನಲ್ಲಿ, ಇನ್ನೊಂದನ್ನು ರಾತ್ರಿಯಲ್ಲಿ ಫೋನಿಗೆ ತೆಗೆದುಕೊಂಡಿದ್ದರೆ ಅಂಗಡಿಯಲ್ಲಿ ನಿಂತಾಗ ಕಲ್ಪನೆಗೆ ಕಡಿವಾಣವಿರುತ್ತದೆ.

ಬೆಳಕಿನ ವಿಷಯದಲ್ಲಿ ಮಾತ್ರ ಅಂಗಡಿಯನ್ನು ನಂಬಬಾರದು. ಗುಂಡಿ ಒತ್ತಿದೊಡನೆ ಕಣ್ಣು ಕೆಂಪಗೆ ಮಿನುಗಿಸಿ ನರಳುತ್ತಿದ್ದ ಮಾಟಗಾತಿಯೊಂದನ್ನು ನಾನು ಮೊದಲ ವರ್ಷ ಮರುಮಾತಿಲ್ಲದೆ ಕೊಂಡು ತಂದಿದ್ದೆ. ನಮ್ಮ ವರಾಂಡ ಪಶ್ಚಿಮಕ್ಕೆ ಮುಖ ಮಾಡಿದೆ. ಇಳಿಬಿಸಿಲಿನಲ್ಲಿ ಆ ಕಣ್ಣು ಉರಿಯುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ, ಮಕ್ಕಳು ಸಿಹಿತಿಂಡಿ ಕೇಳಿ ಬರತೊಡಗಿದ್ದೂ ಅದೇ ಹೊತ್ತಿಗೆ. ಅದರ ಪಕ್ಕದಲ್ಲಿ ಅಂದಾಜಿಗೆ ನೇತುಹಾಕಿದ್ದ ಕಡ್ಡಿಗಳ ಕಪ್ಪು ಆಕೃತಿ ಅದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಮಿನುಗುವ ವಸ್ತು ಹಿಡಿಸಿದರೆ ಅದನ್ನು ಎರಡೂ ಅಂಗೈಗಳ ನಡುವೆ ಮರೆಮಾಡಿ ಒಮ್ಮೆ, ತೆರೆದ ಬೆಳಕಿನಲ್ಲಿ ಒಮ್ಮೆ ನೋಡಿ. ನಿಮ್ಮ ಮನೆಯ ಮುಂದೆ ಅದು ಯಾವ ಹೊತ್ತಿನಲ್ಲಿ ಜನರ ಕಣ್ಣಿಗೆ ಬೀಳುತ್ತದೆಂದು ಯೋಚಿಸಿ.

ಮನೆಗೆ ಬಂದ ಮೇಲೆ ಫೋಟೊಗಳಲ್ಲಿ ಒಂದನ್ನು ಆರಿಸಿ, ಅದರಿಂದ ಬಣ್ಣಗಳ ಗುಂಪೊಂದನ್ನೂ ಜೋಡಣೆಯ ಉಪಾಯವೊಂದನ್ನೂ ಮಾತ್ರ ಎತ್ತಿಕೊಳ್ಳಿ. ಸಾಮಗ್ರಿ ಬಹುಮಟ್ಟಿಗೆ ಮನೆಯಲ್ಲೇ ಇರುತ್ತದೆ. ಹಿತ್ತಲಿನ ಒಣರೆಂಬೆಗಳಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದರೆ ಅಂಗಡಿಯ ರೆಂಬೆಗೆ ಏನೂ ಕಡಿಮೆಯಾಗುವುದಿಲ್ಲ. ಹೊಳೆಯುವ ಕಪ್ಪು ಮಾತ್ರ ಪ್ಲಾಸ್ಟಿಕ್ ಎಂದು ಸಾರಿ ಹೇಳುತ್ತದೆ. ಉಪ್ಪಿನಕಾಯಿಯ ಖಾಲಿ ಸೀಸೆ, ಬೆನ್ನು ಹರಿದ ಹಳೆಯ ಪುಸ್ತಕ, ಚಹದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ ತೆಳು ಬಟ್ಟೆ ಇವೆಲ್ಲ ನನಗೆ ಒದಗಿವೆ. ಬತ್ತಿಗಳು ಎಲ್‌ಇಡಿಯವೇ ಆಗಿರಲಿ, ಒಣ ಬಟ್ಟೆ ಕಡ್ಡಿಗಳ ನಡುವೆ ನಿಜವಾದ ಜ್ವಾಲೆ ಬೇಡ.

ಕೊಳ್ಳಲೇಬೇಕಾದ್ದರಲ್ಲಿ ದೊಡ್ಡ ಗೊಂಬೆಗಳು ಬೇಸಿಗೆಯಲ್ಲೇ ಖಾಲಿಯಾಗುವುದರಿಂದ ಅವುಗಳ ನಿರ್ಧಾರವನ್ನು ಮುಂದೂಡುವಂತಿಲ್ಲ. ಚಿಕ್ಕಪುಟ್ಟವನ್ನು ನವೆಂಬರ್ 1ರ ನಂತರ ಅರ್ಧ ಬೆಲೆಗೋ ಅದಕ್ಕೂ ಕಡಿಮೆಗೋ ತಂದು ಮುಂದಿನ ವರ್ಷಕ್ಕೆ ತೆಗೆದಿಡಬಹುದು. ನಿಜವಾದ ಕುಂಬಳಕಾಯಿಯನ್ನು ಸೆಪ್ಟೆಂಬರ್ ಕೊನೆಯಲ್ಲಿ ತಂದು ತಂಪಾದ ಒಣ ಜಾಗದಲ್ಲಿ ಇಡಿಯಾಗಿಟ್ಟರೆ ಹಬ್ಬದವರೆಗೂ ಕೆಡದೆ ಇರುತ್ತದೆ, ಕೊರೆದದ್ದು ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಚಾಕು ಹಿಡಿಯುವುದು ಅಕ್ಟೋಬರ್ 28ಕ್ಕಿಂತ ಮೊದಲು ಬೇಡ. ಮೆಟ್ಟಿಲಿಗಾಗಿ ಖರ್ಚಿಲ್ಲ. ವಿಜಯದಶಮಿ ಪ್ರತಿವರ್ಷವೂ ಹ್ಯಾಲೋವೀನಿಗೆ ಮೊದಲೇ ಮುಗಿಯುವುದರಿಂದ, ನಮ್ಮಲ್ಲಿ ಗೊಂಬೆಗಳು ಪೆಟ್ಟಿಗೆ ಸೇರಿದ ಮರುದಿನ ಅವೇ ಹಲಗೆಗಳು ವರಾಂಡಕ್ಕೆ ಬರುತ್ತವೆ, ಬಿಳಿ ಪಂಚೆ ಒಗೆಯಲು ಹೋಗುತ್ತದೆ.