ಮನೆಯ ಹಳೇ 207ರ ತುಕ್ಕು ಬಿಡಿಸಿದ್ದು

ಮಲೆನಾಡಿನಲ್ಲಿ ಗಾಡಿ ಓಡಿ ಸವೆಯುವುದಕ್ಕಿಂತ ನಿಂತು ಕರಗುವುದೇ ಜಾಸ್ತಿ. ನಮ್ಮದು ತೀರ್ಥಹಳ್ಳಿ ಕಡೆ. ಇದೇ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಮೇಲೆ ಮಳೆ ಸುರಿಯುತ್ತದೆ. ಜೂನ್‌ನಲ್ಲಿ ನೆನೆದ ತಗಡು ದೀಪಾವಳಿವರೆಗೆ ಸರಿಯಾಗಿ ಒಣಗುವುದೇ ಇಲ್ಲ. ಅಪ್ಪಯ್ಯ ತೊಂಬತ್ತರ ದಶಕದಲ್ಲಿ ತಂದ ಟಾಟಾ 207 ಪಿಕಪ್ ಇಂಥ ಮಳೆಗಾಲಗಳನ್ನೆಲ್ಲ ಕಂಡು, ಕಡೆಗೆ ಕೊಟ್ಟಿಗೆ ಪಕ್ಕದ ಮಾಡಿನಡಿ ನಿಂತುಬಿಟ್ಟಿತ್ತು. ಅಡಿಕೆ, ಗೊಬ್ಬರ, ಮದುವೆಮನೆಯ ಪಾತ್ರೆ, ಹೆರಿಗೆಗೆ ಹೊರಟ ಚಿಕ್ಕಮ್ಮ, ಎಲ್ಲವನ್ನೂ ಹೊತ್ತ ಗಾಡಿ. ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಕೇಳಿದಾಗ ಕೊಡಲು ನನಗೆ ಮನಸ್ಸಾಗಲಿಲ್ಲ. ಅದನ್ನು ಮತ್ತೆ ರಸ್ತೆಗಿಳಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೊಂದು ಗಾಡಿ ಹಿತ್ತಲಲ್ಲಿ ಇಟ್ಟುಕೊಂಡವರು ನಮ್ಮ ಕಡೆ ಬಹಳ ಜನ ಇದ್ದಾರೆ.

ಗಾಡಿಯ ಬಗ್ಗೆ ಎರಡು ಮಾತು. ಟಾಟಾ ಮೋಟಾರ್ಸ್‌ಗೆ ಇನ್ನೂ ಟೆಲ್ಕೊ ಎಂಬ ಹೆಸರಿದ್ದ ಕಾಲದಲ್ಲಿ, 1988ರಲ್ಲಿ, ಟಾಟಾಮೊಬೈಲ್ ಪಿಕಪ್ ಬಂತು. 207 ಅದೇ ವಂಶದ್ದು. ನಮ್ಮದರಲ್ಲಿ ಇರುವುದು 1948 ಸಿಸಿಯ ಹಳೇ ಡೀಸೆಲ್ ಎಂಜಿನ್. 1991ರ ಸಿಯೆರಾ, ಅದರ ಹಿಂದೆ ಬಂದ ಎಸ್ಟೇಟ್ ಎಂಬ ಟಾಟಾ ಕಾರುಗಳು ಇದೇ ಬುಡದಿಂದ ಹುಟ್ಟಿದವು. 1994ರ ಸುಮೊಗೂ ಮೊದಲು ಇದೇ 1948 ಸಿಸಿ ಎಂಜಿನ್ ಇತ್ತು. ಇದನ್ನು ತಿಳಿದುಕೊಂಡಿದ್ದರೆ ಸಾಮಾನು ಹುಡುಕುವಾಗ ತುಂಬಾ ಉಪಯೋಗ. '207ರದ್ದು ಇಲ್ಲ' ಎಂದ ಅಂಗಡಿಯಲ್ಲೇ 'ಹಳೇ ಸುಮೊದ್ದು ಇದೆಯಾ' ಎಂದು ಕೇಳಬೇಕು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಸಿಗದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಅಲ್ಲೂ ಇಲ್ಲದ ಬಾಗಿಲ ಹಿಡಿ ಮತ್ತು ಗಾಜು ಏರಿಸುವ ಮೆಷಿನ್ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕವು.

ಶುರುವಿನಲ್ಲಿ ಮಾಡಬೇಕಾದ್ದು ತುಕ್ಕು ಎಲ್ಲಿದೆ ಅಂತ ಹುಡುಕುವುದು. ಕಣ್ಣಿಗೆ ಕಾಣುವ ತುಕ್ಕು ಅಷ್ಟು ಮುಖ್ಯ ಅಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುತ್ತದೆ. ಅದಕ್ಕೇ ಪೇಂಟ್ ಗುಳ್ಳೆ ಏಳುವುದು. ಆ ಗುಳ್ಳೆ ಹೊರಗೆ ಕಾಣುವ ಹೊತ್ತಿಗೆ ತಗಡನ್ನು ಒಳಗಿನಿಂದ ತಿಂದು ಮುಗಿದಿರುತ್ತದೆ. ನಾನು ಒಂದು ಚಿಕ್ಕ ಸುತ್ತಿಗೆ, ಒಂದು ಸ್ಕ್ರೂಡ್ರೈವರ್ ಹಿಡಿದು ಗಾಡಿಯಡಿ ಚಾಪೆ ಹಾಸಿಕೊಂಡು ಮಲಗಿದೆ. ಗಟ್ಟಿ ಇರುವ ಕಡೆ ಸುತ್ತಿಗೆ ಟಣ್ ಎನ್ನುತ್ತದೆ. ಒಳಗೆ ಟೊಳ್ಳಾದ ಕಡೆ ಮಂದವಾಗಿ ಡಬ್ ಎನ್ನುತ್ತದೆ. ಅಂಥ ಕಡೆ ಸ್ಕ್ರೂಡ್ರೈವರ್ ಒತ್ತಿದರೆ ತೂರಿಹೋಗುತ್ತದೆ. ಹೀಗೆ ಸಿಕ್ಕ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದೆ.

ಗುರುತುಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಮಳೆ ನೇರ ಬಡಿಯುವ ಬಾನೆಟ್ಟು, ಕ್ಯಾಬಿನ್ ಮಾಡು ಇನ್ನೂ ಗಟ್ಟಿಯಾಗಿದ್ದವು. ಹೋಗಿದ್ದೆಲ್ಲ ನೀರು ಒಳಗೆ ಹೋಗಿ ಹೊರಗೆ ಬರಲಾರದ ಜಾಗ. ಮುಂದಿನ ಗಾಜಿನ ರಬ್ಬರ್ ಕೆಳಗೆ, ಬಾಗಿಲಿನ ತಳ, ಕಾಲಡಿಯ ಮ್ಯಾಟಿನ ಅಡಿ, ಬಾಗಿಲ ಕೆಳಗೆ ಪೆಟ್ಟಿಗೆ ತರಹ ಇರುವ ಉದ್ದನೆ ಸಿಲ್. ಬಾಗಿಲ ತಳದಲ್ಲಿ ನೀರು ಬಸಿಯಲೆಂದು ಕಂಪನಿಯವರೇ ಸಣ್ಣ ತೂತು ಬಿಟ್ಟಿರುತ್ತಾರೆ. ಹಿಂದೆ ಒಂದು ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿದಾಗ ಆ ತೂತುಗಳಿಗೂ ಪುಟ್ಟಿ ತುಂಬಿ ನಯ ಮಾಡಿಬಿಟ್ಟಿದ್ದರು. ತೋಟದಲ್ಲಿ ಬಸಿಗಾಲುವೆ ಮುಚ್ಚಿದರೆ ಅಡಿಕೆ ಮರಕ್ಕೆ ಏನಾಗುತ್ತದೋ ಬಾಗಿಲಿಗೂ ಅದೇ ಆಗಿತ್ತು.

ಎಡಗಡೆಯ ಸಿಲ್ ಕೊಯ್ದಾಗ ಕಂಡದ್ದನ್ನು ಹೇಳಲೇಬೇಕು. ಅದು ಮಾರ್ಚ್ ತಿಂಗಳು. ಅಂಗಳದ ಮಣ್ಣು ಬಿಸಿಲಿಗೆ ಬಿರಿಯುವ ಹೊತ್ತು. ಒಳಗೆ ಮುಷ್ಟಿ ಗಾತ್ರದ ಕೆಸರಿನ ಹೆಂಟೆಗಳು ಒಂದರ ಮೇಲೊಂದು ಕೂತಿದ್ದವು. ಅಡಿಕೆ ಸಿಪ್ಪೆಯ ನಾರು, ಕೊಳೆತ ದರಗು, ನಾಕಾರು ಮೊಳೆ, ಎಲ್ಲ ಸೇರಿ ಗಟ್ಟಿಯಾಗಿತ್ತು. ಮುರಿದು ನೋಡಿದರೆ ಒಳಗೆ ಇನ್ನೂ ಹಸಿ. ಬೆರಳಿಗೆ ತಣ್ಣಗೆ ತಾಗಿತು. ಅಂದರೆ ಬೇಸಗೆಯಲ್ಲೂ ಆ ತಗಡಿಗೆ ಮಳೆಗಾಲವೇ. ಇದನ್ನು ಬಿಡಿಸದೆ ಹೊರಗಿನಿಂದ ಎಷ್ಟು ಬಣ್ಣ ಬಳಿದರೂ ಏನು ಪ್ರಯೋಜನ, ಹೇಳಿ? ಅಲ್ಲಿಂದ ಮುಂದೆ ನನ್ನ ಕೆಲಸವೆಲ್ಲ ಒಂದೇ ಪ್ರಶ್ನೆಯ ಮೇಲೆ ನಡೆಯಿತು: ಇಲ್ಲಿಗೆ ನೀರು ಬಂದರೆ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ?

ಸಾಮಾನು ಹೇರುವ ಹಿಂದಿನ ಬಾಡಿಯ ಕತೆ ಸ್ವಲ್ಪ ಬೇರೆ. ಅದರ ನೆಲ ಒಂದು ಮೂಲೆಯಲ್ಲಿ ಮಾತ್ರ ಜರಡಿಯಾಗಿತ್ತು. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವಾಗ ಬೋರ್ಡೋ ದ್ರಾವಣದ ಡ್ರಮ್ಮು, ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲ ಇಡುತ್ತಿದ್ದುದು ಆ ಮೂಲೆಯಲ್ಲೇ. ಮದ್ದು ಕಲಸುವವರಿಗೆಲ್ಲ ಕತ್ತಿಯ ಪರೀಕ್ಷೆ ಗೊತ್ತು. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಸುಣ್ಣ ಸಾಲದಿದ್ದರೆ ಅದ್ದಿದ ಕತ್ತಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ನೀರಿನಲ್ಲಿದ್ದ ತಾಮ್ರ ಕಬ್ಬಿಣದ ಮೇಲೆ ಕೂರುವಾಗ ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ನಮ್ಮ ಗಾಡಿಯ ನೆಲದ ಮೇಲೆ ವರ್ಷ ವರ್ಷವೂ ಇದೇ ಪರೀಕ್ಷೆ ನಡೆದಿತ್ತು. ಸಾಲದ್ದಕ್ಕೆ ತಾಮ್ರ ಅಂಟಿದ ಜಾಗ ತೇವ ಸಿಕ್ಕಾಗಲೆಲ್ಲ ಪಕ್ಕದ ಕಬ್ಬಿಣವನ್ನು ಬೇಗ ತಿನ್ನಿಸುತ್ತದೆ. ಪೊಟ್ಯಾಷ್ ಗೊಬ್ಬರವೂ ಇಂಥದ್ದೇ. ಅದರಲ್ಲಿ ಇರುವುದು ಕ್ಲೋರೈಡ್, ಕಬ್ಬಿಣಕ್ಕೆ ಉಪ್ಪು ಸವರಿದ ಹಾಗೆ. ತೋಟದವರು ಇದೊಂದನ್ನು ನೆನಪಿಡಿ. ಚೀಲ ಹೇರುವ ಮೊದಲು ದಪ್ಪ ಟಾರ್ಪಾಲು ಹಾಸಿ, ಇಳಿಸಿದ ದಿನವೇ ನೀರು ಹಾಯಿಸಿ ತೊಳೆಯಿರಿ.

ಬಿಚ್ಚುವ ಕೆಲಸಕ್ಕೆ ತಾಳ್ಮೆ ಬೇಕು. ಬೋಲ್ಟುಗಳಿಗೆಲ್ಲ ಮೊದಲು ವೈರ್ ಬ್ರಷ್ ಹಾಕಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಇಡೀ ನೆನೆಯಲು ಬಿಟ್ಟೆ. ಮರುದಿನ ಸೀದಾ ಬಿಚ್ಚಲು ಹೋಗದೆ ಒಂದು ಚೂರು ಬಿಗಿ ಮಾಡಿದೆ. ತುಕ್ಕಿನ ಹಿಡಿತ ಬಿಡುವುದು ಆಗಲೇ. ಆಮೇಲೆ ಹಿಂದೆ ಮುಂದೆ ತಿರುಗಿಸುತ್ತಾ ಬಿಚ್ಚಬೇಕು. ಬಿಚ್ಚಿದ್ದನ್ನೆಲ್ಲ ಬೇರೆ ಬೇರೆ ಡಬ್ಬಿಗೆ ಹಾಕಿ ಹೆಸರು ಬರೆದಿಟ್ಟೆ, ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ. ವೈರಿಂಗ್ ಸಿಕ್ಕಿಸುವಾಗ ಆ ಫೋಟೊಗಳೇ ದಾರಿ ತೋರಿಸಿದವು.

ತಗಡಿನ ಕೆಲಸ ನಮ್ಮ ಪೇಟೆಯ ಟಿಂಕರ್ ಭಾಯಿ ಜೊತೆ ಕೂತು ಮಾಡಿದೆ. ಮೊದಲ ದಿನವೇ ಅವರು ಬಾಗಿಲ ತಳ ಮುಟ್ಟಿ ನೋಡಿ, 'ಮಾರಾಯ್ರೆ, ತಗಡು ಉಳಿದಿದ್ರೆ ತಾನೇ ಬಡಿಯೋದು? ಇದನ್ನ ಕೊಯ್ಲೇಬೇಕು' ಎಂದರು. ಅವರು ಹೇಳಿದ್ದು ಸರಿ. ತುಕ್ಕು ಹಿಡಿದ ತಗಡಿನ ಅಂಚಿಗೆ ಹೊಸ ತಗಡು ಬೆಸೆದರೆ ಒಂದೇ ಮಳೆಗಾಲಕ್ಕೆ ಬಿಟ್ಟುಕೊಳ್ಳುತ್ತದೆ. ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ ಕೊಯ್ಯಬೇಕು. ಕ್ಯಾಬಿನ್ನಿಗೆ 20 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ತಗಡು ತಂದೆವು. ಅಂದರೆ ಸುಮಾರು 0.9 ಮಿ.ಮೀ. ದಪ್ಪ. ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ತಗಡು ಕತ್ತರಿಸಿದೆವು. ಸತು ಲೇಪಿಸಿದ ಜಿ.ಐ. ತಗಡು ಹಾಕಿದರೆ ತುಕ್ಕೇ ಬರಲ್ಲ ಅಂತ ಸಲಹೆ ಕೊಟ್ಟವರು ಇದ್ದರು. ಆದರೆ ಅದರ ಮೇಲಿನ ಸತು ವೆಲ್ಡಿಂಗ್ ಬಿಸಿಗೆ ಹೊಗೆಯಾಗುತ್ತದೆ. ಆ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ. ಬೇಡವೇ ಬೇಡ.

ವೆಲ್ಡಿಂಗ್‌ಗೆ ನಾವು ಬಳಸಿದ್ದು ಸಿಒ2 ಮಿಗ್, ಅಂದರೆ ಅನಿಲ ಹಾಯಿಸುತ್ತಾ ತೆಳು ವೈರು ಕರಗಿಸಿ ಬೆಸೆಯುವ ಬಗೆ, 0.8 ಮಿ.ಮೀ. ವೈರು. ತೆಳು ತಗಡಿಗೆ ಮಾಮೂಲಿ ರಾಡಿನ ಆರ್ಕ್ ವೆಲ್ಡಿಂಗ್ ಹಿಡಿದರೆ ತೂತೇ ಬೀಳುತ್ತದೆ. ಮಿಗ್‌ನಲ್ಲೂ ಒಂದೇ ಸಮ ಎಳೆಯಬಾರದು. ಇಲ್ಲೊಂದು ಚುಕ್ಕೆ, ಒಂದು ಗೇಣು ಬಿಟ್ಟು ಇನ್ನೊಂದು. ಆರಿದ ಮೇಲೆ ನಡುವೆ ಮತ್ತೊಂದು. ಇಲ್ಲದಿದ್ದರೆ ತಗಡು ಬಿಸಿಗೆ ಸೊಟ್ಟಗಾಗಿ ಬಾಗಿಲು ಕೂರುವುದಿಲ್ಲ. ಸಿಲ್ ಕೊಯ್ಯುವಾಗ ಎರಡೂ ಬದಿ ಒಟ್ಟಿಗೆ ಕೊಯ್ಯದೆ, ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದೆವು. ಕ್ಯಾಬಿನ್ ಕುಸಿಯದಂತೆ ಬಾಗಿಲ ಜಾಗಕ್ಕೆ ಅಡ್ಡ ಪಟ್ಟಿ ಕೊಟ್ಟಿದ್ದೆವು. ಮುಚ್ಚುವ ಮೊದಲು ಹೊಸ ಸಿಲ್ಲಿನ ತಳದಲ್ಲಿ ಬಸಿಯುವ ತೂತು ಕೊರೆದೆವು, ಹಳೆಯದಕ್ಕಿಂತ ದೊಡ್ಡದಾಗಿ. ಹಿಂದಿನ ನೆಲಕ್ಕೆ 3 ಮಿ.ಮೀ. ತಗಡು ಹಾಕೋಣ ಎಂದು ಭಾಯಿ ಹೇಳಿದರು. ಅದು ಚದರ ಮೀಟರಿಗೆ ಸುಮಾರು 24 ಕೆ.ಜಿ. ತೂಗುತ್ತದೆ. 2 ಮಿ.ಮೀ. ಆದರೆ 16. ತಗಡಿಗೆ ಹೋದ ತೂಕ ಅಡಿಕೆಗೆ ಸಿಗುವುದಿಲ್ಲ ಅಲ್ವಾ? 2 ಮಿ.ಮೀ. ಹಾಕಿ, ಅಡಿಗೆ ಇನ್ನೆರಡು ಅಡ್ಡ ಪಟ್ಟಿ ಕೊಟ್ಟೆವು.

ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿಗೆ ಕೈ ಹಾಕುವವರು ಗ್ರೈಂಡರ್ ಹಿಡಿಯುವ ಮೊದಲು ಚಾಸಿ ನಂಬರ್ ಎಲ್ಲಿದೆ ಎಂದು ಹುಡುಕಿಟ್ಟುಕೊಳ್ಳಿ. ನಮ್ಮದರಲ್ಲಿ ಅದು ತುಕ್ಕಿನ ಪದರದಡಿ ಮುಚ್ಚಿಹೋಗಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿಟ್ಟು, ಮರುದಿನ ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಮೆಲ್ಲಗೆ ಉಜ್ಜುತ್ತಾ ಕೂತೆ. ಮೊದಲು ಮೂರು ಎಂಬ ಅಂಕಿ ಕಂಡಿತು. ಆಮೇಲೆ ಒಂದೊಂದೇ ಅಂಕಿ. ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದಾಗ ಪೂರ್ತಿ ನಂಬರ್ ಮೂಡಿತು. ಅಪ್ಪಯ್ಯ ಆರ್‌ಸಿ ಹಿಡಿದು ಒಂದೊಂದೇ ಅಕ್ಷರ ಓದಿ ತಾಳೆ ನೋಡಿದರು. ಆರ್‌ಟಿಒದಲ್ಲಿ ಕೇಳುವುದು ಇದೇ ಪೆನ್ಸಿಲ್ ಪ್ರಿಂಟ್. ನಂಬರ್ ಉಜ್ಜಿಹೋದರೆ ಗಾಡಿ ಎಷ್ಟು ಚಂದ ಆದರೂ ಕಾಗದದಲ್ಲಿ ಸತ್ತ ಹಾಗೆ. ಚಾಸಿಯ ಉಳಿದ ಭಾಗಕ್ಕೆ ವೈರ್ ಬ್ರಷ್ ಹಾಕಿ, ಫಾಸ್ಫಾರಿಕ್ ಆ್ಯಸಿಡ್ ಇರುವ ರಸ್ಟ್ ಕನ್ವರ್ಟರ್ ಬಳಿದೆ. ಸಂದಿಯಲ್ಲಿ ಉಳಿದ ತೆಳು ತುಕ್ಕು ಕಪ್ಪಗಾಗಿ ಗಟ್ಟಿಯಾಗುತ್ತದೆ. ಹೊಪ್ಪಳೆ ಎದ್ದ ದಪ್ಪ ತುಕ್ಕಿಗೆ ಇದು ಮದ್ದಲ್ಲ. ಅದನ್ನು ಕೆರೆದೇ ತೆಗೆಯಬೇಕು.

ಎಂಜಿನ್ ಅಷ್ಟು ಕಾಡಲಿಲ್ಲ. ವರ್ಷಗಟ್ಟಲೆ ನಿಂತದ್ದನ್ನು ಸೀದಾ ಸೆಲ್ಫ್ ಹೊಡೆಯಬಾರದು. ಹೀಟರ್ ಪ್ಲಗ್ ಬಿಚ್ಚಿ ಸಿಲಿಂಡರುಗಳಿಗೆ ಸ್ವಲ್ಪ ಎಣ್ಣೆ ಬಿಟ್ಟು, ಪಾನಾ ಹಾಕಿ ಕೈಯಲ್ಲೇ ತಿರುಗಿಸಿ ಬಿಡುಗಡೆ ಮಾಡಿಕೊಂಡೆ. ಡೀಸೆಲ್ ಟ್ಯಾಂಕಿನಲ್ಲಿ ತುಕ್ಕಿನ ಪುಡಿ ತುಂಬಿತ್ತು. ಟ್ಯಾಂಕ್ ಇಳಿಸಿ, ಜಲ್ಲಿಪುಡಿ ಹಾಕಿ ಕುಲುಕಿ ತೊಳೆದೆವು. ಹಳೇ ಟ್ಯಾಂಕಿಗೆ ವೆಲ್ಡಿಂಗ್ ಮಾತ್ರ ಯಾರೂ ಹಗುರಾಗಿ ಮಾಡಬೇಡಿ, ಒಳಗಿನ ಆವಿ ಸಿಡಿಯುತ್ತದೆ. ಎಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ಮೈಕೊ ಪಂಪನ್ನು ಪಂಪಿನ ಅಂಗಡಿಗೇ ಕೊಟ್ಟೆ. ಬೆಂಗಳೂರಿನ ಮೈಕೊ ಕಂಪನಿ 2008ರಲ್ಲಿ ಬಾಷ್ ಆದರೂ ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಇನ್ನೂ ಮೈಕೊ ಪಂಪೇ. ಬ್ರೇಕಿನ ಪೈಪು, ವೀಲ್ ಸಿಲಿಂಡರು, ಹೋಸ್ ಎಲ್ಲ ಹೊಸದು ಹಾಕಿದೆ. ಘಟ್ಟದ ರಸ್ತೆಯಲ್ಲಿ ಓಡುವ ಗಾಡಿ. ಬ್ರೇಕಿನಲ್ಲಿ ಉಳಿತಾಯ ನೋಡುವುದು ಸಲ್ಲ.

ಬಣ್ಣಕ್ಕೆ ಕಾಲ ನೋಡಬೇಕು. ಗಾಳಿಯಲ್ಲಿ ತೇವ ಇದ್ದರೆ ಥಿನ್ನರ್ ಆರುವಾಗ ಪೇಂಟಿನ ಮೇಲೆ ಬಿಳಿ ಮಂಜು ಕೂರುತ್ತದೆ. ನಮ್ಮ ಕಡೆ ಬೇಸಗೆಯಲ್ಲಿ, ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ ಹೊಡೆಯುವುದು ಒಳ್ಳೆಯದು. ಪೇಂಟರ್‌ಗಳು ತಗಡಿನ ಮೇಲೆ ಸೀದಾ ಪುಟ್ಟಿ ಹಾಕುತ್ತಾರೆ. ನಾನು ಒಪ್ಪಲಿಲ್ಲ. ಪುಟ್ಟಿ ನೀರು ಹೀರುತ್ತದೆ. ಹೀರಿದ್ದನ್ನು ತಗಡಿಗೆ ಮುಟ್ಟಿಸುತ್ತದೆ. ಮೊದಲು ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬೇಕಾದಲ್ಲಿ ಮಾತ್ರ ತೆಳುವಾಗಿ ಪುಟ್ಟಿ, ಮತ್ತೆ ಪ್ರೈಮರ್, ಕೊನೆಗೆ ಪಿಯು (ಪಾಲಿಯುರೆಥೇನ್) ಪೇಂಟ್. ಪಿಯು ಹೊಡೆಯುವಾಗ ಬಟ್ಟೆ ಕಟ್ಟಿಕೊಂಡರೆ ಸಾಲದು. ಅದರ ಹಾರ್ಡನರ್ ಶ್ವಾಸಕೋಶಕ್ಕೆ ಕೆಟ್ಟದ್ದು. ಸರಿಯಾದ ಕ್ಯಾರ್ಟ್ರಿಜ್ ಮಾಸ್ಕೇ ಬೇಕು. ತಮ್ಮನಿಗೆ ಬೇರೆ ಬಣ್ಣದ ಆಸೆ ಇತ್ತು. ಆದರೆ ಆರ್‌ಸಿಯಲ್ಲಿ ಬಿಳಿ ಎಂದಿದೆ. ಬಣ್ಣ ಬದಲಾದರೆ ಆರ್‌ಸಿಯಲ್ಲೂ ತಿದ್ದಿಸಬೇಕು. ಬಿಳಿಯೇ ಇರಲಿ ಎಂದು ಅಪ್ಪಯ್ಯ ತೀರ್ಮಾನ ಕೊಟ್ಟರು.

15 ವರ್ಷ ದಾಟಿದ ಗಾಡಿ ಗುಜರಿಗೇ ಹೋಗಬೇಕು ಎಂದು ಹಲವರು ಹೆದರಿಸಿದರು. 2023ರ ಏಪ್ರಿಲ್‌ನಿಂದ ಹಾಗೆ ಕಡ್ಡಾಯ ಆದದ್ದು ಸರ್ಕಾರಿ ವಾಹನಗಳಿಗೆ. ನಮ್ಮಂಥ ಗೂಡ್ಸ್ ಗಾಡಿಗೆ ಎಂಟು ವರ್ಷದ ಮೇಲೆ ಪ್ರತಿ ವರ್ಷ ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಆಗಬೇಕು, ಅದರಲ್ಲಿ ಪಾಸಾಗಬೇಕು. ಹಳೇ ಗಾಡಿಗಳ ಎಫ್‌ಸಿ ಶುಲ್ಕವನ್ನು ಕೇಂದ್ರ 2022ರ ಏಪ್ರಿಲ್‌ನಿಂದ ಬಹಳ ಏರಿಸಿದೆ. ಕೆಲಸ ಶುರು ಮಾಡುವ ಮೊದಲೇ ಬಾಕಿ ಟ್ಯಾಕ್ಸು, ಇನ್ಶೂರೆನ್ಸ್, ಎಫ್‌ಸಿ ಎಲ್ಲ ಸೇರಿ ಎಷ್ಟಾಗುತ್ತದೆ ಎಂದು ಕೇಳಿಕೊಳ್ಳಿ. ಹೊಗೆ ಪರೀಕ್ಷೆ, ಲೈಟು, ಹಾರ್ನು, ಹಿಂದೆ ಮುಂದೆ ರಿಫ್ಲೆಕ್ಟರ್ ಪಟ್ಟಿ ಸರಿ ಇದ್ದವು. ಇನ್‌ಸ್ಪೆಕ್ಟರ್ ಗಾಡಿಯಡಿ ಬಗ್ಗಿ, ಚಾಸಿ ತಟ್ಟಿ ನೋಡಿ ಸಹಿ ಹಾಕಿದರು.

ಈಗ ಮಳೆಗಾಲಕ್ಕೆ ಮೊದಲು ಸಿಲ್ ಮತ್ತು ಬಾಗಿಲ ಒಳಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಗಳಿಗೆ ಹೊಡೆಯುವ ಮೇಣ) ಸ್ಪ್ರೇ ಹೊಡೆಯುತ್ತೇನೆ. ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿದೆ. ಅದು ರಬ್ಬರ್ ಕೆಡಿಸುತ್ತದೆ, ತೊಟ್ಟಿಕ್ಕಿ ತೋಟದ ಮಣ್ಣಿಗೂ ಸೇರುತ್ತದೆ. ಹಾಗಾಗಿ ನಾನು ಬಳಸುವುದಿಲ್ಲ. ಮಳೆ ಶುರುವಾದ ಮೇಲೆ ಆಗಾಗ ಒಂದು ತಂತಿ ಹಿಡಿದು ಬಸಿಯುವ ತೂತುಗಳಿಗೆಲ್ಲ ತೂರಿಸಿ ನೋಡುತ್ತೇನೆ. ಹಿಂದಿನ ಕಿಟಕಿಯ ರಬ್ಬರ್ ಮಾತ್ರ ಇನ್ನೂ ಹಳೆಯದೇ. ಗಾಜಿನ ಎಡ ಮೂಲೆಯಲ್ಲಿ ಸಣ್ಣಗೆ ಜಿನುಗುತ್ತದೆ. ಇದೇ ಅಳತೆಯದು ಯಾರ ಹತ್ತಿರವಾದರೂ ಇದ್ದರೆ ಹೇಳಿ, ನಾನೇ ಬಂದು ಒಯ್ಯುತ್ತೇನೆ.