ಹಾಲು ಬರೆದರೆ ತುಪ್ಪ ಬರುತ್ತಿದೆಯೇ? ಮನೆ ಲೆಕ್ಕದ ಬೇಡದ ಸಲಹೆ ತೆಗೆಯುವುದು ಹೀಗೆ

ಹೋದ ವರ್ಷ ಒಂದು ಭಾನುವಾರ ಪರ್ಸಿನ ದುಡ್ಡು ಎಣಿಸಿದೆ. ಕಂಪ್ಯೂಟರಿನಲ್ಲಿದ್ದ ಮನೆ ಲೆಕ್ಕಕ್ಕಿಂತ ₹1,770 ಜಾಸ್ತಿ ಇತ್ತು. ಕಡಿಮೆ ಇದ್ದರೆ ಯಾವುದೋ ಖರ್ಚು ಬರೆಯಲು ಮರೆತೆ ಅಂದುಕೊಳ್ಳಬಹುದು. ಜಾಸ್ತಿ ಇರುವುದು ಹೇಗೆ?

ಸಾಲುಗಳನ್ನು ಒಂದೊಂದಾಗಿ ನೋಡಿದ ಮೇಲೆ ಗೊತ್ತಾಯಿತು. ಒಂದು ದಿನ ನಂದಿನಿ ತುಪ್ಪ ತಂದು ₹640 ಬರೆದಿದ್ದೆ. ಮರುದಿನ ₹50ರ ಹಾಲು ಬರೆಯಲು ‘ನಂದಿ’ ಅಂತ ಶುರು ಮಾಡಿದ್ದೇನೆ. ಪರದೆಯಲ್ಲಿ ‘ನಂದಿನಿ ತುಪ್ಪ’ ತಾನೇ ಪೂರ್ತಿಯಾಗಿದೆ, ಪಕ್ಕದಲ್ಲಿ ₹640 ಕೂಡ ತುಂಬಿಕೊಂಡಿದೆ. ಒಲೆಯ ಮೇಲೆ ಹಾಲು ಇಟ್ಟಿದ್ದೆ. ಎಂಟರ್ ಒತ್ತಿ ಎದ್ದು ಹೋಗಿದ್ದೇನೆ. ಹೀಗೆ ಮೂರು ದಿನ. ಒಂದು ಸಲಕ್ಕೆ ₹590 ವ್ಯತ್ಯಾಸ. ಮೂರು ಸಲಕ್ಕೆ ಸರಿಯಾಗಿ ₹1,770.

ಮನೆ ಲೆಕ್ಕವನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಇಡುವವರಿಗೆಲ್ಲ ಇದು ಒಂದಲ್ಲ ಒಂದು ದಿನ ಆಗುತ್ತದೆ. ಹೀಗೆ ತಾನೇ ತುಂಬಿಕೊಳ್ಳುವುದನ್ನೇ ಸಲಹೆ ಅನ್ನುವುದು. ಹೆಚ್ಚಿನವರು ಸಲಹೆ ಬಂದಾಗಲೆಲ್ಲ ಅಳಿಸಿ, ಮತ್ತೆ ಬರೆದು ಸುಮ್ನೆ ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಲೆಕ್ಕದ ತಂತ್ರಾಂಶ ಕೊಡುವ ಸಲಹೆ ನಾವೇ ಹಿಂದೆ ಬರೆದ ಸಾಲು. ಹಳೆಯ ಸಾಲನ್ನು ಸರಿ ಮಾಡಿದರೆ ಮಾತ್ರ ಅದು ಹೋಗುತ್ತದೆ. ಹೆಸರಿನ ತಪ್ಪಿಗಿಂತ ಅದರ ಜೊತೆ ಬರುವ ಮೊತ್ತ ಮತ್ತು ಖಾತೆಯ ತಪ್ಪು ದೊಡ್ಡದು. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು, ಸಲಹೆ ಕೊಡುತ್ತಿರುವುದು ಯಾರು?

ಮೂರು ಜಾಗದಿಂದ ಸಲಹೆ ಬರಬಹುದು: ಕೀಬೋರ್ಡ್, ಬ್ರೌಸರ್, ಲೆಕ್ಕದ ತಂತ್ರಾಂಶ. ಯಾವುದು ಅಂತ ತಿಳಿಯದೆ ಸೆಟ್ಟಿಂಗ್ಸ್ ಹುಡುಕಿದರೆ ಸಂಜೆಯೆಲ್ಲ ಹಾಳು.

ಮೊಬೈಲಿನಲ್ಲಾದರೆ ಅದೇ ಅಕ್ಷರಗಳನ್ನು ಬೇರೆ ಆ್ಯಪ್‌ನಲ್ಲಿ, ಉದಾಹರಣೆಗೆ ಯಾರಿಗಾದರೂ ಮೆಸೇಜ್ ಬರೆಯುವ ಜಾಗದಲ್ಲಿ, ಒತ್ತಿ ನೋಡಿ. ಅಲ್ಲೂ ಅದೇ ಪದ ಬಂದರೆ ಅದು ಕೀಬೋರ್ಡಿನ ನೆನಪು. ಜಿಬೋರ್ಡ್ ಬಳಸುವವರು ಆ ಪದದ ಮೇಲೆ ಬೆರಳು ಒತ್ತಿ ಹಿಡಿದು, ಕಾಣಿಸುವ ಕಸದಬುಟ್ಟಿಗೆ ಎಳೆದು ಬಿಟ್ಟರೆ ಮುಗಿಯಿತು.

ಕಂಪ್ಯೂಟರಿನಲ್ಲಿ ಬ್ರೌಸರ್ ಮೂಲಕ ಬಿಲ್ ಕಟ್ಟುವಾಗ ಹಳೆಯ ಅಕೌಂಟ್ ನಂಬರುಗಳು ಕೆಳಗೆ ಜೋತು ಬೀಳುತ್ತವಲ್ಲ, ಅದು ಬ್ರೌಸರಿನ ಕೆಲಸ. ಬಾಡಿಗೆ ಮನೆ ಬದಲಿಸಿದವರು ಇದನ್ನು ಖಂಡಿತ ತೆಗೆಯಬೇಕು. ಹಿಂದಿನ ಮನೆಯ ಕರೆಂಟ್ ಅಕೌಂಟ್ ನಂಬರ್ ಅಲ್ಲೇ ಉಳಿದಿದ್ದರೆ, ಇನ್ನೊಬ್ಬರ ಬಿಲ್ಲನ್ನು ನೀವು ಕಟ್ಟಿಬಿಡಬಹುದು. ಕೆಳಮುಖ ಬಾಣದ ಕೀಲಿಯಿಂದ ಆ ನಂಬರಿನ ಮೇಲೆ ಹೋಗಿ, ಶಿಫ್ಟ್ ಮತ್ತು ಡಿಲೀಟ್ ಒಟ್ಟಿಗೆ ಒತ್ತಿ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಇದು ನಡೆಯುತ್ತದೆ.

ಇವೆರಡೂ ಅಲ್ಲ ಅಂದರೆ ಉಳಿದದ್ದು ಲೆಕ್ಕದ ತಂತ್ರಾಂಶ. ನಿಜವಾದ ಕೆಲಸ ಇರುವುದು ಅಲ್ಲೇ.

ಗ್ನೂಕ್ಯಾಶ್ ಬಳಸುವವರಿಗೆ

ನಾನು ಬಳಸುವುದು ಗ್ನೂಕ್ಯಾಶ್. 1998ರಿಂದ ಇರುವ ಉಚಿತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇದರಲ್ಲಿ ಸಲಹೆಗಳಿಗೆ ಬೇರೆ ಪಟ್ಟಿ ಅಂತ ಇಲ್ಲ. ಹಾಗಾಗಿ ‘ಸಲಹೆ ಅಳಿಸು’ ಅನ್ನುವ ಗುಂಡಿ ಹುಡುಕಬೇಡಿ. ಖಾತೆಯಲ್ಲಿ ಈಗಾಗಲೇ ಇರುವ ಸಾಲುಗಳಿಂದಲೇ ಅದು ಸಲಹೆ ಕಟ್ಟಿಕೊಳ್ಳುತ್ತದೆ. ಇತ್ತೀಚೆಗೆ ಬರೆದದ್ದಕ್ಕೆ ಮೊದಲ ಮಣೆ. ನನ್ನ ತುಪ್ಪ ಮೂರು ದಿನ ಬಂದದ್ದು ಹೀಗೆ. ಒಂದು ದಿನ ತಪ್ಪಾಗಿ ಒಪ್ಪಿಕೊಂಡ ಸಾಲೇ ಮರುದಿನದ ಸಲಹೆಯಾಯಿತು.

ಕೆಲಸ ಶುರು ಮಾಡುವ ಮುಂಚೆ ಫೈಲಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಗ್ನೂಕ್ಯಾಶ್ ತಾನೇ ದಿನಾಂಕ ಹಾಕಿ ಹಳೆಯ ಪ್ರತಿಗಳನ್ನು ಅದೇ ಫೋಲ್ಡರಿನಲ್ಲಿ ಇಡುತ್ತದೆ, ನಿಜ. ಆದರೆ ನೀವು ಬದಲಿಸದಿದ್ದರೆ 30 ದಿನ ಕಳೆದವನ್ನು ಅಳಿಸಿಬಿಡುತ್ತದೆ.

ಈಗ ಖಾತೆಗಳ ಪಟ್ಟಿ ಇರುವ ಟ್ಯಾಬ್‌ಗೆ ಬನ್ನಿ. ಕಂಟ್ರೋಲ್ ಹಿಡಿದು ಎಫ್ ಒತ್ತಿ. ‘ಡಿಸ್ಕ್ರಿಪ್ಶನ್’ ಎಂದಿರುವ ಕಡೆ ಬೇಡದ ಹೆಸರನ್ನು ಬರೆದು ಹುಡುಕಿ. ಆ ಹೆಸರಿರುವ ಸಾಲುಗಳೆಲ್ಲ ಒಂದೇ ಕಡೆ ಬಂದು ನಿಲ್ಲುತ್ತವೆ. ಅಲ್ಲೇ ತಿದ್ದಬಹುದು. ಒಂದು ಸಾಲು ತಿದ್ದಿ, ಎಂಟರ್ ಒತ್ತಿ, ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಬದಲಿಸುವ ಸೌಲಭ್ಯ ಇದರಲ್ಲಿಲ್ಲ. ಸರಿಯಾದ ಹೆಸರನ್ನು ಒಂದು ಸಲ ಕಾಪಿ ಮಾಡಿಕೊಂಡರೆ ಕೈ ಬೇಗ ಓಡುತ್ತದೆ. ಒಂದು ಕಡೆ ತಿದ್ದಿದರೆ ಸಾಕು, ಎದುರಿನ ಖಾತೆಯಲ್ಲೂ, ಅಂದರೆ ಆ ದುಡ್ಡು ಹೋಗಿ ಸೇರಿದ ಖರ್ಚಿನ ಖಾತೆಯಲ್ಲೂ, ಅದೇ ಹೆಸರು ಕಾಣುತ್ತದೆ. ಯಾಕೆಂದರೆ ಎರಡೂ ಕಡೆ ಇರುವುದು ಒಂದೇ ವ್ಯವಹಾರ. ಹೆಸರು ತಿದ್ದುವಾಗಲೇ ಮೊತ್ತದ ಕಡೆಗೂ ಒಮ್ಮೆ ನೋಡಿ. ನನಗೆ ಇನ್ನೊಂದು ತಪ್ಪು ಸಿಕ್ಕಿದ್ದು ಆಗಲೇ.

ಇಲ್ಲಿಗೆ ನಿಲ್ಲಿಸಬೇಡಿ. ಬಹಳ ಜನ ಎಡವುವುದು ಇಲ್ಲೇ. ಎಲ್ಲ ತಿದ್ದಿ ಆಗಿದೆ, ಆದರೂ ಹಳೆಯ ಹೆಸರೇ ಬರುತ್ತಿದೆ ಅನ್ನುತ್ತಾರೆ. ಖಾತೆ ತೆರೆದಾಗ ಕಟ್ಟಿಕೊಂಡ ಸಲಹೆಗಳು ಕಂಪ್ಯೂಟರಿನ ನೆನಪಿನಲ್ಲಿ ಹಾಗೇ ಇರುತ್ತವೆ. ಸೇವ್ ಮಾಡಿ, ತಂತ್ರಾಂಶವನ್ನು ಪೂರ್ತಿ ಮುಚ್ಚಿ, ಮತ್ತೆ ತೆರೆಯಿರಿ. ಆಮೇಲೆ ಬರುವುದಿಲ್ಲ. ಬಂದರೆ ಎಲ್ಲೋ ಒಂದು ಸಾಲು ತಿದ್ದದೆ ಉಳಿದಿದೆ ಎಂದೇ ಅರ್ಥ.

ಕೆಲವು ಸಲಹೆಗಳನ್ನು ತಿದ್ದುವ ಹಾಗೂ ಇಲ್ಲ. ತುಪ್ಪ ತಂದದ್ದು ನಿಜ ತಾನೆ? ಆ ಸಾಲು ಇರಲೇಬೇಕು. ಇಂಥ ಕಡೆ ಹೆಸರಿಡುವ ಕ್ರಮವನ್ನೇ ಬದಲಿಸಿ. ನಾನು ಈಗ ‘ಹಾಲು ನಂದಿನಿ’, ‘ತುಪ್ಪ ನಂದಿನಿ’ ಎಂದು ಬರೆಯುತ್ತೇನೆ. ಮೊದಲ ಅಕ್ಷರವೇ ಬೇರೆ ಆದ್ದರಿಂದ ‘ಹಾ’ ಎಂದು ಒತ್ತಿದರೆ ತುಪ್ಪದ ಸುದ್ದಿಯೇ ಇಲ್ಲ. ‘ದೇವರಾಜ ಮಾರ್ಕೆಟ್ ತರಕಾರಿ’, ‘ದೇವರಾಜ ಮಾರ್ಕೆಟ್ ಹೂವು’ ಅಂತ ಬರೆಯುತ್ತಿದ್ದವರೂ ಹೀಗೇ ತಿರುಗಿಸಿ ಇಡಬಹುದು: ಮೊದಲು ವಸ್ತು, ಆಮೇಲೆ ಅಂಗಡಿ. ಈ ಲೇಖನದಲ್ಲಿ ಒಂದೇ ಒಂದು ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ.

ಸಲಹೆ ತೀರಾ ಬೇಗ ಬರುತ್ತದೆ ಅನ್ನಿಸಿದರೆ, ಹೊಸ ಆವೃತ್ತಿಗಳಲ್ಲಿ ‘ಪ್ರಿಫರೆನ್ಸಸ್’ ಒಳಗಿನ ‘ರಿಜಿಸ್ಟರ್’ ಭಾಗಕ್ಕೆ ಹೋಗಿ. ಎಷ್ಟು ಅಕ್ಷರ ಒತ್ತಿದ ಮೇಲೆ ಸಲಹೆ ಶುರುವಾಗಬೇಕು ಎಂದು ಅಲ್ಲಿ ಹೇಳಬಹುದು.

ಕೆಇಬಿಯೋ ಸೆಸ್ಕೋ?

ನಮ್ಮ ಮನೆಯಲ್ಲಿ ಒಂದೇ ಕರೆಂಟ್ ಬಿಲ್ಲಿಗೆ ಮೂರು ಹೆಸರಿತ್ತು. ನಮ್ಮ ಯಜಮಾನರು ‘ಕೆಇಬಿ ಬಿಲ್’ ಎಂದು ಬರೆಯುತ್ತಿದ್ದರು, ನಾನು ‘ಕರೆಂಟ್ ಬಿಲ್’, ಮಗಳು ‘ಸೆಸ್ಕ್’. ಕೆಇಬಿ ಹೋಗಿ ಕೆಪಿಟಿಸಿಎಲ್ ಬಂದದ್ದು 1999ರಲ್ಲಿ. ಮೈಸೂರು, ಮಂಡ್ಯದ ಕಡೆಗೆ ಕರೆಂಟ್ ಕೊಡುವ ಸೆಸ್ಕ್ ಕಂಪನಿ ಬಂದದ್ದು 2005ರಲ್ಲಿ. ಆದರೂ ನಮ್ಮ ಬಾಯಲ್ಲಿ ಕೆಇಬಿ ಹೋಗಿಲ್ಲ, ಅಲ್ವಾ? ಬಾಯಲ್ಲಿ ಇರಲಿ. ಲೆಕ್ಕದಲ್ಲಿ ಮಾತ್ರ ಮನೆಯವರೆಲ್ಲ ಕೂತು ಒಂದು ಹೆಸರು ಒಪ್ಪಿಕೊಳ್ಳಿ. ‘ಕೆಇಬಿ’ ಎಂದು ಒತ್ತಿದರೆ ಯಾವತ್ತೋ ಕಟ್ಟಿದ ಬಿಲ್ಲಿನ ಮೊತ್ತ ಬರುತ್ತದೆ, ‘ಸೆಸ್ಕ್’ ಎಂದರೆ ಇನ್ನೊಂದು ತಿಂಗಳದ್ದು. ಬೇಸಿಗೆಯಲ್ಲಿ ಫ್ಯಾನ್ ತಿರುಗಿಸಿದ ಬಿಲ್ಲು ಮಳೆಗಾಲದ ಸಾಲಿನಲ್ಲಿ ಕೂತರೆ ಯಾರಿಗೂ ಬೇಗ ಗೊತ್ತಾಗುವುದಿಲ್ಲ.

ಬಾಡಿಗೆ, ಸಾಲದ ಕಂತಿನ ಹಾಗೆ ಪ್ರತಿ ತಿಂಗಳು ಒಂದೇ ಮೊತ್ತ ಇರುವುದನ್ನು ಸಲಹೆಯ ಕೈಗೆ ಬಿಡಬೇಡಿ. ‘ಶೆಡ್ಯೂಲ್ಡ್ ಟ್ರಾನ್ಸಾಕ್ಷನ್’ ಎಂಬಲ್ಲಿ ಒಮ್ಮೆ ಹಾಕಿಡಿ, ಸರಿಯಾದ ದಿನಕ್ಕೆ ತಾನೇ ಬರುತ್ತದೆ.

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು

ಕನ್ನಡದಲ್ಲಿ ಲೆಕ್ಕ ಬರೆಯುವವರಿಗೆ ಇನ್ನೊಂದು ತೊಂದರೆ ಇದೆ. ‘ನಂದಿನಿ’ ಮತ್ತು ‘ನ೦ದಿನಿ’ ಎರಡನ್ನೂ ನೋಡಿ. ಒಂದೇ ಥರ ಕಾಣುತ್ತವೆ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಅಂಕಿ ಸೊನ್ನೆ. ನಮಗೆ ಎರಡೂ ದುಂಡಗಿನ ಸೊನ್ನೆಯೇ. ಕಂಪ್ಯೂಟರಿಗೆ ಅವು ಬೇರೆ ಬೇರೆ ಅಕ್ಷರ. ಹಾಗಾಗಿ ಸಲಹೆಯಲ್ಲಿ ಒಂದೇ ಹೆಸರು ಎರಡು ಸಲ ಬರುತ್ತದೆ, ಮೊತ್ತಗಳು ಮಾತ್ರ ಬೇರೆ.

ಅರ್ಧಾಕ್ಷರದಲ್ಲಿ ಮುಗಿಯುವ ಪದಗಳಲ್ಲೂ ಇದೇ ಕಥೆ. ‘ಪೆಟ್ರೋಲ್’, ‘ಗ್ಯಾಸ್’, ‘ಪೇಪರ್’ ಮುಂತಾದವುಗಳ ಕೊನೆಯಲ್ಲಿ ಕೆಲವು ಕೀಬೋರ್ಡುಗಳು ಕಣ್ಣಿಗೆ ಕಾಣದ ಗುರುತೊಂದನ್ನು ಸೇರಿಸುತ್ತವೆ. ಮೊಬೈಲಿನಲ್ಲಿ ಬರೆದದ್ದಕ್ಕೂ ಕಂಪ್ಯೂಟರಿನಲ್ಲಿ ಬರೆದದ್ದಕ್ಕೂ ಹೀಗೆ ಕೂದಲೆಳೆಯ ವ್ಯತ್ಯಾಸ ಆಗುತ್ತದೆ.

ಸೊನ್ನೆಯ ತಪ್ಪು ಕಂಡುಹಿಡಿಯುವ ದಾರಿ ಸುಲಭ. ಪದವನ್ನು ಹೊಸದಾಗಿ, ಸರಿಯಾಗಿ ಒತ್ತಿ ಹುಡುಕಿ. ಖಾತೆಯಲ್ಲಿ ಕಣ್ಣಿಗೆ ಕಾಣುವ ಸಾಲು ಹುಡುಕಾಟದಲ್ಲಿ ಬರದಿದ್ದರೆ ದೋಷ ಇರುವುದು ಅದರಲ್ಲೇ. ಅದನ್ನು ತಿದ್ದಲು ಹೋಗದೆ ಪೂರ್ತಿ ಅಳಿಸಿ ಹೊಸದಾಗಿ ಬರೆಯಿರಿ. ಸೊನ್ನೆಗಳನ್ನೆಲ್ಲ ಒಂದೇ ಏಟಿಗೆ ಅನುಸ್ವಾರ ಮಾಡುತ್ತೇನೆ ಅಂತ ಮಾತ್ರ ಹೊರಡಬೇಡಿ. ‘೨೦೨೪’ ಎಂದು ಬರೆದಿದ್ದರೆ ಅದೂ ಕೆಟ್ಟುಹೋಗುತ್ತದೆ.

ಬ್ಯಾಂಕ್ ಸ್ಟೇಟ್‌ಮೆಂಟ್ ಅನ್ನು ಗ್ನೂಕ್ಯಾಶ್ ಒಳಗೆ ತರುವವರು

ಇಲ್ಲಿ ಸಲಹೆಯ ರೀತಿ ಬೇರೆ. ಗ್ನೂಕ್ಯಾಶ್ ವಿವರಣೆಯನ್ನು ಪದ ಪದವಾಗಿ ಒಡೆದು, ಯಾವ ಪದ ಹಿಂದೆ ಯಾವ ಖಾತೆಗೆ ಹೋಗಿತ್ತು ಎಂದು ಎಣಿಕೆ ಇಡುತ್ತದೆ. ದಿನಸಿ ಅಂಗಡಿಯ ಯುಪಿಐ ಪಾವತಿಯನ್ನು ಅವಸರದಲ್ಲಿ ಔಷಧಿ ಖರ್ಚಿಗೆ ಹಾಕಿದರೆ, ಮುಂದಿನ ತಿಂಗಳೂ ಅದನ್ನು ಔಷಧಿಗೇ ಹಾಕಲು ನೋಡುತ್ತದೆ. ಹಳೆಯ ಸಾಲು ತಿದ್ದಿದರೂ ಈ ಎಣಿಕೆ ಉಳಿಯುತ್ತದೆ. ‘ಟೂಲ್ಸ್’ ಮೆನುವಿನಲ್ಲಿ ‘ಇಂಪೋರ್ಟ್ ಮ್ಯಾಪ್ ಎಡಿಟರ್’ ತೆರೆಯಿರಿ. ‘ಬೇಯೇಸಿಯನ್’ ಎಂಬುದನ್ನು ಆರಿಸಿ. ಅಂಗಡಿಯ ಹೆಸರು ತಪ್ಪು ಖಾತೆಯ ಎದುರು ಇರುವ ಸಾಲುಗಳನ್ನು ಹುಡುಕಿ ಅಳಿಸಿ. ಮುಂದಿನ ಸಲ ಸರಿಯಾದ ಖಾತೆ ತೋರಿಸಿಕೊಡಿ, ಮತ್ತೆ ಕಲಿಯುತ್ತದೆ.

ಬೇರೆ ತಂತ್ರಾಂಶದವರಿಗೆ ಕೆಲಸ ಇನ್ನೂ ಹಗುರ. ಹೋಮ್‌ಬ್ಯಾಂಕ್‌ನಲ್ಲಿ ಹಣ ಪಡೆಯುವವರ ಪಟ್ಟಿಯೇ ಬೇರೆ ಇದೆ. ತಪ್ಪು ಹೆಸರನ್ನು ಸರಿ ಹೆಸರಿನೊಳಗೆ ‘ಮರ್ಜ್’ ಮಾಡಿದರೆ ಹಳೆಯ ಸಾಲುಗಳೂ ಜೊತೆಗೇ ಬದಲಾಗುತ್ತವೆ. ಕೆಮೈಮನಿಯಲ್ಲಿ ತಾನೇ ತುಂಬುವುದನ್ನು ಸೆಟ್ಟಿಂಗ್ಸ್‌ನಲ್ಲಿ ಪೂರ್ತಿ ನಿಲ್ಲಿಸಬಹುದು.

ಎಕ್ಸೆಲ್ ಹಾಳೆಯಲ್ಲಿ

ಮಂಡ್ಯದ ಹತ್ತಿರ ಕಬ್ಬು ಬೆಳೆಯುವ ನಮ್ಮ ಚಿಕ್ಕಪ್ಪ ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಇಟ್ಟಿದ್ದಾರೆ. ವರ್ಷದ ಟ್ರ್ಯಾಕ್ಟರ್ ಬಾಡಿಗೆ ₹18,400 ಎಂದು ಬಂದಾಗ, “ಇಷ್ಟ್ ಕಮ್ಮಿ ಬರಾಕಿಲ್ಲ ಕಣವ್ವ” ಅಂದರು. ಅವರ ಅನುಮಾನ ಸರಿಯಾಗಿತ್ತು. ಕೆಲವು ಸಾಲುಗಳಲ್ಲಿ ‘ಟ್ರ್ಯಾಕ್ಟರ್ ಬಾಡಿಗೆ’, ಕೆಲವುಗಳಲ್ಲಿ ‘ಟ್ರಾಕ್ಟರ್ ಬಾಡಿಗೆ’ ಎಂದಿತ್ತು. ಕೂಡುವ ಸೂತ್ರ ಒಂದನ್ನು ಮಾತ್ರ ಕೂಡಿತ್ತು. ಇನ್ನೊಂದರಲ್ಲಿ ₹6,200 ಕೂತಿತ್ತು.

ಎಕ್ಸೆಲ್ ಸಲಹೆ ತೆಗೆದುಕೊಳ್ಳುವುದು ಅದೇ ಕಾಲಮ್ಮಿನ ಹಿಂದಿನ ಚೌಕಗಳಿಂದ (ಸೆಲ್). ಬರಿಯ ಅಂಕಿಗಳಿಗೆ ಸಲಹೆ ಕೊಡುವುದಿಲ್ಲ. ಮೊದಲು ಕಾಲಮ್ ಆರಿಸಿ ‘ಡೇಟಾ’ ಮೆನುವಿನ ‘ಫಿಲ್ಟರ್’ ಹಾಕಿ. ಬಾಣ ಒತ್ತಿದರೆ ಎಷ್ಟು ಥರದ ಹೆಸರುಗಳಿವೆ ಎಂದು ಒಂದೇ ಪಟ್ಟಿಯಲ್ಲಿ ಕಾಣುತ್ತದೆ. ಚಿಕ್ಕಪ್ಪನ ಹಾಳೆಯಲ್ಲಿ ಗೊಬ್ಬರಕ್ಕೇ ನಾಲ್ಕು ಹೆಸರಿತ್ತು. ಆಮೇಲೆ ಕಂಟ್ರೋಲ್ ಹಿಡಿದು ಎಚ್ ಒತ್ತಿ, ತಪ್ಪು ಹೆಸರಿನ ಜಾಗಕ್ಕೆ ಸರಿ ಹೆಸರು ಕೊಡಿ. ‘ಆಪ್ಶನ್ಸ್’ ಒಳಗೆ ‘ಮ್ಯಾಚ್ ಎಂಟೈರ್ ಸೆಲ್ ಕಂಟೆಂಟ್ಸ್’ ಎಂಬಲ್ಲಿ ಗುರುತು ಹಾಕುವುದು ಮರೆಯಬೇಡಿ. ಇಲ್ಲದಿದ್ದರೆ ಬೇರೆ ವಾಕ್ಯದೊಳಗೆ ಇರುವ ಪದವೂ ಬದಲಾಗುತ್ತದೆ.

ಸಲಹೆಯೇ ಬೇಡ ಅನ್ನುವವರು ‘ಫೈಲ್’, ‘ಆಪ್ಶನ್ಸ್’, ‘ಅಡ್ವಾನ್ಸ್ಡ್’ ದಾರಿಯಲ್ಲಿ ಹೋಗಿ ‘ಎನೇಬಲ್ ಆಟೊಕಂಪ್ಲೀಟ್ ಫಾರ್ ಸೆಲ್ ವ್ಯಾಲ್ಯೂಸ್’ ಎಂಬ ಗುರುತು ತೆಗೆಯಬಹುದು. ಲಿಬ್ರೆಆಫೀಸ್‌ನಲ್ಲಾದರೆ ‘ಟೂಲ್ಸ್’ ಮೆನುವಿನ ‘ಆಟೊಇನ್‌ಪುಟ್’. ನನ್ನನ್ನು ಕೇಳಿದರೆ ಅದಕ್ಕಿಂತ ಒಳ್ಳೆಯದು ‘ಡೇಟಾ ವ್ಯಾಲಿಡೇಶನ್’. ನೀವು ಒಪ್ಪಿದ ಹೆಸರುಗಳನ್ನು ಒಂದು ಕಡೆ ಬರೆದು, ‘ಲಿಸ್ಟ್’ ಎಂದು ಆರಿಸಿ ಆ ಕಾಲಮ್ಮಿಗೆ ಜೋಡಿಸಿದರೆ, ಪಟ್ಟಿಯಲ್ಲಿ ಇಲ್ಲದ ಹೆಸರು ಟೈಪ್ ಮಾಡಿದಾಗ ಅದು ತಡೆಯುತ್ತದೆ. ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿದ್ದನ್ನು ಮಾತ್ರ ತಡೆಯುವುದಿಲ್ಲ, ಅದರ ಮೇಲೆ ಕಣ್ಣಿಡಿ.

ಚಿಕ್ಕಪ್ಪನಿಗೆ ಹನ್ನೊಂದು ಹೆಸರಿನ ಪಟ್ಟಿ ಮಾಡಿಕೊಟ್ಟು ಬಂದೆ. ಕಡಿಯುವ ಕೂಲಿ, ಬಿತ್ತನೆ, ಗೊಬ್ಬರ, ಸಾಗಾಣಿಕೆ ಎಲ್ಲವೂ ಅವರು ಹೇಳುವ ಮಾತಿನಲ್ಲೇ. ಟ್ರ್ಯಾಕ್ಟರ್ ಬಾಡಿಗೆ ಈಗ ಒಂದೇ ಹೆಸರಿನಲ್ಲಿ ₹24,600 ತೋರಿಸುತ್ತಿದೆ.