ಬೆಳ್ಳುಳ್ಳಿ ಇಳುವರಿ ಎಸಳಿನಲ್ಲೇ ಇದೆ

ಹೆಸರಘಟ್ಟದ ಕಡೆ ನಮ್ಮದು ಸ್ವಲ್ಪ ಕೆಂಪು ಮಣ್ಣಿನ ಜಮೀನು. ಹಿಂಗಾರಿನಲ್ಲಿ ಒಂದಷ್ಟು ಗುಂಟೆಯನ್ನು ಬೆಳ್ಳುಳ್ಳಿಗೇ ಬಿಡುತ್ತೇನೆ. ಇಳುವರಿ ಜಾಸ್ತಿ ಆಗಿದ್ದು ಹೇಗೆ ಅಂತ ಕೇಳುವವರು ಮೊದಲು ಯಾವ ಗೊಬ್ಬರ ಅನ್ನುತ್ತಾರೆ. ನಾನು ಬಿತ್ತನೆ ಎಸಳು ತೋರಿಸುತ್ತೇನೆ.

ಬೆಳ್ಳುಳ್ಳಿಗೆ ಎಸಳೇ ಬೀಜ. ಬೇರು ಹಿಡಿಯುವ ತನಕ ಸಸಿಗೆ ಅದರೊಳಗಿನ ಆಹಾರವೇ ಗತಿ. ಹಾಗಾಗಿ ಗೆಡ್ಡೆಯ ಹೊರಸುತ್ತಿನ ದಪ್ಪ ಎಸಳು ಮಾತ್ರ ನಾಟಿಗೆ, ಒಳಗಿನ ಸಣ್ಣವು ಅಡುಗೆಗೆ. ಆರಿಸುವುದಕ್ಕೆ ತಾಳ್ಮೆ ಬೇಕು, ಆದರೆ ಇದಕ್ಕೆ ದುಡ್ಡು ಖರ್ಚಿಲ್ಲ ಅಲ್ವಾ? ಹೀಗೆ ಆರಿಸತೊಡಗಿದ ಮೇಲೆ ಮಡಿಯಲ್ಲಿ ಗಿಡಗಳು ಒಂದೇ ಸಮ ಬಂದವು, ಗೆಡ್ಡೆಯೂ ದಪ್ಪವಾಯಿತು. ಗುಂಟೆಗೆ ಸುಮಾರು 5 ಕಿಲೋ ಎಸಳು ಹಿಡಿಯುತ್ತದೆ. ನಾಟಿಯ ಹಿಂದಿನ ದಿನವಷ್ಟೇ ಬಿಡಿಸುತ್ತೇವೆ. ಸಿಪ್ಪೆ ಹರಿದದ್ದು ಬೇಗ ಕೊಳೆಯುತ್ತದೆ, ಅದನ್ನು ಹಾಕುವುದಿಲ್ಲ.

ತಳಿ ನೋಡಿಯೇ ಕೊಳ್ಳಬೇಕು. ಗೆಡ್ಡೆ ಕಟ್ಟಲು ಎಷ್ಟು ಉದ್ದದ ಹಗಲು ಬೇಕು ಅನ್ನುವುದು ತಳಿಯಿಂದ ತಳಿಗೆ ಬೇರೆ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಹಗಲು ಹನ್ನೊಂದೂವರೆ ಗಂಟೆಯೂ ಇರುವುದಿಲ್ಲ. ಅಗ್ರಿಫೌಂಡ್ ಪಾರ್ವತಿ ಉತ್ತರದ ಬೆಟ್ಟದ ಸೀಮೆಯ ಉದ್ದ ಹಗಲಿನ ತಳಿ, ಇಲ್ಲಿ ಸರಿಯಾಗಿ ಗೆಡ್ಡೆ ಕಟ್ಟುವುದಿಲ್ಲ. ನಮಗೆ ಜಿ-41 ಅಥವಾ ಭೀಮಾ ಪರ್ಪಲ್ ಥರದ ಬಯಲುಸೀಮೆ ತಳಿಗಳೇ ಸರಿ.

ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ನಾಟಿ ಮುಗಿಸುತ್ತೇನೆ. ಆಗಿನ್ನೂ ಹಿಂಗಾರು ಮಳೆ ಇರುತ್ತದೆ, ನೀರು ನಿಂತರೆ ಎಸಳು ಕೊಳೆಯುತ್ತದೆ. ಏರುಮಡಿ ಮಾಡಿ, ಡ್ರಿಪ್ ಎಳೆದು, ಸಾಲಿಗೆ 6 ಇಂಚು, ಗಿಡಕ್ಕೆ 4 ಇಂಚು ಅಂತರ ಕೊಡುತ್ತೇನೆ. ಎಸಳಿನ ಚೂಪು ತುದಿ ಮೇಲಿರಲಿ. ಕೊಳೆತ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಮೊದಲೇ ಮಣ್ಣಿಗೆ ಸೇರಿರುತ್ತವೆ. ಗಂಧಕಕ್ಕೆ ಜಿಪ್ಸಂ. ಯೂರಿಯಾ ಮಾತ್ರ ನಾಟಿಯಾದ ಒಂದೂವರೆ ತಿಂಗಳೊಳಗೆ ನಿಲ್ಲಿಸಿ. ಆಮೇಲೆ ಕೊಟ್ಟರೆ ಎಲೆ ಸೊಂಪಾಗಿ ಕಾಣುತ್ತದೆ, ಗೆಡ್ಡೆ ಮಾತ್ರ ತಡವಾಗಿ ಬಲಿಯುತ್ತದೆ, ಇಟ್ಟರೂ ಬಾಳುವುದಿಲ್ಲ.

ರಸ ಹೀರುವ ಥ್ರಿಪ್ಸ್ ನುಸಿ ಎಲೆಯ ಬುಡದ ಸಂದಿಯಲ್ಲಿ ಅಡಗಿರುತ್ತದೆ. ವಾರಕ್ಕೊಮ್ಮೆಯಾದರೂ ಎಲೆ ಬಿಡಿಸಿ ನೋಡಿ.

ಎಲೆ ಹಳದಿಯಾಗಿ ಒಣಗತೊಡಗಿದಾಗ ನೀರು ನಿಲ್ಲಿಸುತ್ತೇನೆ. ಹತ್ತು ಹದಿನೈದು ದಿನದ ಮೇಲೆ ಕಿತ್ತು, ಎಲೆ ಸಮೇತ ನೆರಳಲ್ಲಿ ಗಾಳಿಯಾಡುವಂತೆ ಒಣಗಿಸುತ್ತೇವೆ. ಮಾರುವ ಮೊದಲೇ ರೋಗವಿಲ್ಲದ ದಪ್ಪ ಗೆಡ್ಡೆಗಳನ್ನು ಮುಂದಿನ ವರ್ಷದ ಬಿತ್ತನೆಗೆ ಎತ್ತಿಡುತ್ತೇನೆ. ವ್ಯಾಪಾರಿ ಎಷ್ಟೇ ರೇಟು ಹೇಳಿದರೂ ಅವನ್ನು ಕೊಡುವುದಿಲ್ಲ.